ಫ್ರಾನ್ಸಿನ ಅಡುಗೆಮನೆಯಲ್ಲಿ ಎಂಜಲು ಮುಸುರಿ

ಕೆಲವರಿಗೆ ಶನಿ ಬೆನ್ನು ಹತ್ತುತ್ತಾನಂತೆ. ನನ್ನ ಬೆನ್ನು ಹತ್ತಿರುವುದು ಫಜೀತಿ. ಹುಬ್ಬಳ್ಳಿಯಲ್ಲಿ ಹೋಟೆಲ್ ಮ್ಯಾನೇಜ್‌ಮೆಂಟ್ ಓದುವಾಗ ಅದು ಕಾಲೇಜಿನ ತನಕ ಬರುತ್ತಿತ್ತು. ಕೊನೆಯ ವರ್ಷ ಆರು ತಿಂಗಳ ತರಬೇತಿಗೆಂದು ಫ್ರಾನ್ಸಿಗೆ ಹೋದೆ, ಅಲ್ಲಿಗೂ ಬಂತು. ಅದೂ ವೀಸಾ ಇಲ್ಲದೆ.

ಸಮುದ್ರದಂಡೆಯ ಒಂದು ಸಣ್ಣ ಊರು, ಅಲ್ಲೊಂದು ಹಳೇ ಹೋಟೆಲ್ಲು. ಅಡುಗೆಮನೆಯ ಯಜಮಾನರು ಅರವತ್ತರ ಹತ್ತಿರದ ಒಬ್ಬ ಶೆಫ್. ನನ್ನ ಕೈಯಲ್ಲಿ ಕಾಲೇಜು ಕೊಟ್ಟ ತರಬೇತಿ ಪುಸ್ತಕ. ಅದರಲ್ಲಿ ನಾಲ್ಕು ಚೌಕ: ಹೆಚ್ಚುವುದು, ಬ್ರೆಡ್ಡು, ಬಡಿಸುವುದು, ಕೊನೆಯದು ಒಲೆ. ನಾಲ್ಕಕ್ಕೂ ಶೆಫ್ ಸಹಿ ಬಿದ್ದರೆ ಪಾಸು, ಒಂದು ತಪ್ಪಿದರೂ ಇಡೀ ವರ್ಷ ಮತ್ತೆ ಓದಬೇಕು. ನಾನೇನೂ ಹೆದರಲಿಲ್ಲ. ಒಂಬತ್ತನೇ ವಯಸ್ಸಿಗೇ ಅಜ್ಜಿಯ ಕೈಕೆಳಗೆ ರೊಟ್ಟಿ ಬಡಿದವಳಿಗೆ ಫ್ರೆಂಚರ ಒಲೆ ಏನು ಮಹಾ!

ಅಲ್ಲಿ ಮಾತುಕತೆಯೆಲ್ಲ ಹರಕುಮುರುಕು ಇಂಗ್ಲಿಷಿನಲ್ಲಿ ನಡೆಯಿತು. ಇಲ್ಲಿ ಮಾತ್ರ ನಮ್ಮ ಕಡೆ ಮಾತಿನಲ್ಲೇ ಬರೆದಿದ್ದೇನೆ. ಇಲ್ಲದಿದ್ದರೆ ಬೈಸಿಕೊಂಡದ್ದು ಬೈಸಿಕೊಂಡಂತೆಯೇ ಅನಿಸುವುದಿಲ್ಲ.

ಚಿಗವ್ವನ ಪ್ರಶ್ನೆ

ಹೊರಡುವ ಹಿಂದಿನ ದಿನ ನವನಗರದ ನಮ್ಮ ಮನೆಗೆ ಅವ್ವನ ತಂಗಿ ಚಿಗವ್ವ ಬಂದಳು.

"ಯವ್ವಾ, ಅಡಗಿ ಕಲಿಯಾಕ ವಿಮಾನ ಯಾಕ ಹತ್ತತಿ? ನಾನ ಎರಡು ತಿಂಗಳದಾಗ ಕಲಸ್ತಿದ್ನಲ್ಲ."

ಅಪ್ಪ ಅಮರಗೋಳದ ಮಾರ್ಕೆಟ್ಟಿನಲ್ಲಿ ಮೆಣಸಿನಕಾಯಿ ವ್ಯಾಪಾರಿ. ನನ್ನ ಪರವಾಗಿ ಅವರೇ ವಾದಕ್ಕಿಳಿದರು. "ಹಂಗಲ್ಲವಾ, ಆಕಿ ಕಲಿಯೂದು ಫ್ರೆಂಚ್ ಅಡಗಿ. ಅದರ ರೀತಿನ ಬ್ಯಾರೆ."

"ಒಂದು ಪಲ್ಯಾ ಹೆಂಗ ಮಾಡ್ತಾರ ಹೇಳು ನೋಡೂಣು," ಎಂದಳು ಚಿಗವ್ವ.

ನಾನು ಉತ್ಸಾಹದಿಂದ ಹೇಳಿದೆ. ಆಲೂಗಡ್ಡೆ ಕುದಿಸುವುದು, ಸಿಪ್ಪೆ ಸುಲಿಯುವುದು, ನುಣ್ಣಗೆ ಹಿಸುಕುವುದು, ಬೆಣ್ಣೆ, ಹಾಲು, ಉಪ್ಪು. ಮುಗಿಯಿತು.

ಚಿಗವ್ವ ಇನ್ನೂ ಏನೋ ಬರುತ್ತದೆಂದು ಕಾದಳು. ಬರಲಿಲ್ಲ. ಕಡೆಗೆ ಅಪ್ಪನ ಕಡೆ ತಿರುಗಿ ಕೇಳಿದಳು:

"ಒಗ್ಗರಣಿ ಹಾಕೂದು ಮುಂದಿನ ವರ್ಷ ಕಲಸ್ತಾರೇನ್ರಿ?"

ಒಂದು ಗುದ್ದು

ಅಲ್ಲಿ ಮೊದಲ ತಿಂಗಳು ಬರೀ ಹೆಚ್ಚುವ ಕೆಲಸ. ಉಳ್ಳಾಗಡ್ಡಿಯನ್ನು ಎಳ್ಳಿನಷ್ಟು ಸಣ್ಣಗೆ, ಒಂದು ಚೂರೂ ಹೆಚ್ಚುಕಡಿಮೆಯಾಗದಂತೆ ಹೆಚ್ಚಬೇಕು. ನಾನು ಹೆಚ್ಚುತ್ತಿದ್ದೆ. ಶೆಫ್ ಪಕ್ಕದಲ್ಲಿ ನಿಂತು "ಇದು ದೊಡ್ಡದಾತು, ಇದು ಸೊಟ್ಟ ಆತು" ಎಂದು ಪ್ರಾಣ ಹಿಂಡುತ್ತಿದ್ದರು.

ಮಧ್ಯಾಹ್ನ ಅಡುಗೆಯವರೆಲ್ಲ ಒಂದೇ ಮೇಜಿಗೆ ಊಟಕ್ಕೆ ಕೂರುವುದು ಅಲ್ಲಿಯ ಪದ್ಧತಿ. ಸೂಪು, ಬ್ರೆಡ್ಡು. ನನಗೆ ಬಾಯಿ ಕೆಟ್ಟುಹೋಗಿತ್ತು. ಒಂದು ಉಳ್ಳಾಗಡ್ಡಿ ತಂದು ಮೇಜಿನ ಮೇಲಿಟ್ಟು, ಮನೆಯಲ್ಲಿ ರೊಟ್ಟಿಯ ಜೊತೆ ಮಾಡುವಂತೆ ಮುಷ್ಟಿ ಕಟ್ಟಿ ಒಂದು ಗುದ್ದು ಕೊಟ್ಟೆ. ಉಳ್ಳಾಗಡ್ಡಿ ನಾಲ್ಕು ಹೋಳಾಯಿತು. ಮೇಜಿನ ಸುತ್ತ ಇದ್ದ ಏಳು ಮಂದಿ ಒಟ್ಟಿಗೇ ಎದ್ದು ನಿಂತರು.

"ಯಾಕ, ಯಾರ ಮ್ಯಾಲ ಸಿಟ್ಟು?" ಎಂದರು ಶೆಫ್.

"ಸಿಟ್ಟಲ್ರಿ. ಚಾಕುದಿಂದ ಕೊಯ್ದ್ರ ರುಚಿ ಹೋಗ್ತೈತಿ. ಗುದ್ದಿ ತಿನಬೇಕು."

ಚಾಕುವಿನಲ್ಲೇ ನಲವತ್ತು ವರ್ಷ ಕಳೆದವರಿಗೆ ಆ ಮಾತು ನಾಟಿತು. ಒಂದು ಹೋಳು ತಿಂದು ನೋಡಿದರು. ಮರುದಿನ ಅವರೇ ಒಂದು ದಪ್ಪ ಉಳ್ಳಾಗಡ್ಡಿ ಆರಿಸಿ ತಂದು, ತೋಳು ಮಡಚಿ, ಎಲ್ಲರೂ ನೋಡುತ್ತಿರುವಂತೆ ಗುದ್ದಿದರು. ಉಳ್ಳಾಗಡ್ಡಿ ಜಗ್ಗಲಿಲ್ಲ. ಇನ್ನೊಮ್ಮೆ, ಮತ್ತೊಮ್ಮೆ. ಅದು ಉರುಳಿ ಕೆಳಗೆ ಬಿತ್ತೇ ಹೊರತು ಒಡೆಯಲಿಲ್ಲ.

ನನ್ನ ಮೊದಲ ಚೌಕಕ್ಕೆ ಶೆಫ್ ಸಹಿ ಬಿದ್ದದ್ದು ಎಡಗೈಯಲ್ಲಿ.

ಸಾಕು ಅಂದರೆ ಎಷ್ಟು?

ಬ್ರೆಡ್ಡಿನ ಚೌಕ ಸುಸೂತ್ರವಾಗಿ ದಾಟಿತು. ಹಿಟ್ಟು ನಾದುವುದರಲ್ಲಿ ನನ್ನನ್ನು ಮೀರಿಸುವವರು ಅಲ್ಲಿ ಯಾರೂ ಇರಲಿಲ್ಲ. ಆಮೇಲೆ ಬೆಳಗಿನ ತಿಂಡಿ ಬಡಿಸುವ ಕೆಲಸ.

ಒಂದು ದಿನ ವಯಸ್ಸಾದ ಗಂಡ ಹೆಂಡತಿ ಬಂದು ಕೂತರು. ಅವರಿಗೆ ಕ್ರೇಪ್, ಅಂದರೆ ನಮ್ಮ ಗೋದಿ ದೋಸೆಯ ದೂರದ ಬೀಗರು. ಒಂದೊಂದು ಹಾಕಿದೆ, ತಿಂದರು. ಇನ್ನೊಂದು ಹಾಕಲು ಹೋದೆ. ಅಜ್ಜ "ಸಾಕು" ಎಂದರು.

ಮೊದಲ ಸಲ ಸಾಕು ಅನ್ನುವುದು ಬರೀ ಸಂಕೋಚಕ್ಕೆ. ನಮ್ಮ ಮನೆಗಳಲ್ಲಿ ಅದನ್ನು ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ಮೂರನೇ ಸಲ ತಾಟಿನ ಮೇಲೆ ಕೈ ಅಡ್ಡ ಹಿಡಿದರೆ ಮಾತ್ರ ಖರೇ ಸಾಕು. ನಾನು ಹಾಕಿದೆ.

ಅವರ ಪದ್ಧತಿಯೋ ತದ್ವಿರುದ್ಧ. ಬಡಿಸಿದ್ದನ್ನು ಬಿಟ್ಟರೆ ಅಡುಗೆಯವರಿಗೆ ಅವಮಾನ. ಅಜ್ಜ ಕಷ್ಟಪಟ್ಟು ತಿಂದು ಪ್ಲೇಟು ಖಾಲಿ ಮಾಡಿದರು. ಪ್ಲೇಟು ಖಾಲಿ ಕಂಡರೆ ನನಗೆ ಸಂಕಟ, ಮತ್ತೆ ಹಾಕಿದೆ. ನಾನು ಮರ್ಯಾದೆ ಬಿಡಲಿಲ್ಲ, ಅವರು ಮರ್ಯಾದೆ ಬಿಡಲಿಲ್ಲ. ಏಳನೇ ಕ್ರೇಪಿಗೆ ಅಜ್ಜನ ಹಣೆಯಲ್ಲಿ ಬೆವರು. ಅಷ್ಟರಲ್ಲಿ ಶೆಫ್ ಬಂದು ನನ್ನ ಕೈಯಿಂದ ತಟ್ಟೆ ಕಸಿದುಕೊಂಡರು. ಇನ್ನು ಮುಂದೆ ಆ ಕೋಣೆಗೆ ಕಾಲಿಡಬಾರದು ಎಂಬ ಕರಾರಿನ ಮೇಲೆ ಮೂರನೇ ಸಹಿಯನ್ನೂ ಹಾಕಿದರು.

ಮರುದಿನ ಬೆಳಿಗ್ಗೆ ಅಡುಗೆಮನೆಯ ಬಾಗಿಲಿನಿಂದಲೇ ಆ ದಂಪತಿಗೆ ನಮಸ್ಕಾರ ಮಾಡಿದೆ. ಅಜ್ಜ ಕೂರುವ ಮುಂಚೆಯೇ ಖಾಲಿ ಪ್ಲೇಟನ್ನು ಎರಡೂ ಕೈಯಿಂದ ಮುಚ್ಚಿಕೊಂಡರು.

ಕೊನೆಯ ಚೌಕ

ಐದೂವರೆ ತಿಂಗಳು ಕಳೆದರೂ ಒಲೆಯ ಚೌಕ ಖಾಲಿಯೇ ಉಳಿಯಿತು. ಕಾರಣ ಒಂದೇ.

"ರುಚಿ ನೋಡಿದಿ?" ಎಂದು ಶೆಫ್ ಕೇಳುವರು.

"ಇಲ್ರಿ."

"ಮತ್ತ ಉಪ್ಪು ಸರಿ ಐತಿ ಅಂತ ಹೆಂಗ ಗೊತ್ತಾತು?"

"ವಾಸನಿ ಮ್ಯಾಲೆ ತಿಳೀತೈತ್ರಿ."

ನಮ್ಮ ಮನೆಯಲ್ಲಿ ದೇವರಿಗೆ ಎಡೆ ತೋರಿಸುವ ತನಕ ಅಡುಗೆಯನ್ನು ನಾಲಿಗೆಗೆ ಹಚ್ಚುವಂತಿಲ್ಲ. ಅಜ್ಜಿ ಇಡೀ ಜನ್ಮ ಮೂಗಿನಿಂದಲೇ ಉಪ್ಪು ಅಳೆದವಳು. ಸಹಿಯ ಆಸೆಗೆ ನಾನೂ ಒಂದೆರಡು ಸಲ ಚಮಚ ತುಟಿಯ ತನಕ ತಂದೆ. ಆದರೆ ಅಜ್ಜಿ ಎದುರಿಗೇ ನಿಂತು ಕಣ್ಣು ಬಿಟ್ಟಂತಾಗಿ ಕೈ ಕೆಳಗಿಳಿಯಿತು.

"ರುಚಿ ನೋಡದವರಿಗೆ ನನ್ನ ಅಡಗಿಮನ್ಯಾಗ ಒಲಿ ಇಲ್ಲ," ಎಂದು ಶೆಫ್ ಖಂಡತುಂಡವಾಗಿ ಹೇಳಿಬಿಟ್ಟರು. ಆಗ ಮಾತ್ರ ನನ್ನ ಧೈರ್ಯ ಸ್ವಲ್ಪ ಅಲುಗಾಡಿತು. ಒಂದು ವರ್ಷ ಹಿಂದೆ ಬಿದ್ದರೆ ಚಿಗವ್ವನ ಎದುರು ಹೇಗೆ ಮುಖ ತೋರಿಸಲಿ?

ಕೊನೆಯ ವಾರ, ಬೆಳಿಗ್ಗೆ ಹತ್ತರ ಹೊತ್ತಿಗೆ ಸರ್ಕಾರದ ಕಡೆಯಿಂದ ಸ್ವಚ್ಛತೆ ನೋಡುವ ಅಧಿಕಾರಿ ಬಂದರು. ಬಿಳಿ ಕೋಟು ಹಾಕಿಕೊಂಡ ಹೆಂಗಸು, ಕೈಯಲ್ಲಿ ವಹಿ. ಒಲೆಯ ಮೇಲೆ ದೊಡ್ಡ ಪಾತ್ರೆಯಲ್ಲಿ ಟೊಮ್ಯಾಟೊ ಸಾಸು ಕುದಿಯುತ್ತಿತ್ತು. ಶೆಫ್ ಗತ್ತಿನಿಂದ ಒಂದು ಚಮಚ ಸಾಸು ಬಾಯಿಗಿಟ್ಟು, ಕಣ್ಣು ಮುಚ್ಚಿ ಚಪ್ಪರಿಸಿ, ಅದೇ ಚಮಚವನ್ನು ಮತ್ತೆ ಪಾತ್ರೆಗೆ ಅದ್ದಿದರು.

"ಅಯ್ಯ, ಎಂಜಲಾತು!" ಎಂದು ಕನ್ನಡದಲ್ಲೇ ಕಿರುಚಿದೆ. ತಲೆ ಯೋಚಿಸುವ ಮೊದಲೇ ಕೈ ಓಡಿತ್ತು. ಎರಡು ಬಟ್ಟೆಯಲ್ಲಿ ಪಾತ್ರೆ ಹಿಡಿದು ಸಾಸನ್ನೆಲ್ಲ ಸಿಂಕಿಗೆ ಸುರಿದು, ಪಾತ್ರೆ ತಿಕ್ಕಲು ಶುರುಮಾಡಿದೆ.

"ಯಾಕ ಚೆಲ್ಲಿದಿ?" ಎಂದು ಅಧಿಕಾರಿ ಕೇಳಿದರು.

"ಬಾಯಾಗಿಟ್ಟ ಚಮಚಾ ಪಾತ್ರ್ಯಾಗ ಹಾಕಿದ್ರು. ಅದನ್ನ ಮಂದಿಗೆ ಹೆಂಗ ಬಡಸೂದ್ರಿ?"

ಅಧಿಕಾರಿ ಬಹಳ ಹೊತ್ತು ಬರೆದುಕೊಂಡರು. "ಈ ನಿಯಮ ಯಾರು ಕಲಿಸಿದ್ರು?"

"ನಮ್ಮ ಅಜ್ಜಿ."

"ಅವರು ಯಾವ ಇಲಾಖಿ?"

"ಸ್ವಂತ ಇಲಾಖಿರಿ. ಅವರ ಕೈಯಾಗ ಇನ್ನೂ ತನಕ ಯಾರೂ ಪಾಸಾಗಿಲ್ಲ."

ಅಧಿಕಾರಿ ನಕ್ಕು, ಶೆಫ್‌ಗೆ ಎರಡು ಮಾತು ಹೇಳಿ ಹೋದರು. ಆ ಎರಡು ಮಾತಿಗೆ ಶೆಫ್ ಮುಖ ಚೆಲ್ಲಿದ ಸಾಸಿನ ಬಣ್ಣಕ್ಕೆ ತಿರುಗಿತ್ತು. ನನ್ನ ಕಥೆ ಮುಗಿಯಿತು ಎಂದುಕೊಂಡೆ.

"ಊಟಕ್ಕ ಎರಡು ತಾಸು ಐತಿ," ಎಂದರು ಶೆಫ್. "ಚೆಲ್ಲಿದಾಕಿನ ಮಾಡಲಿ."

ಮೊದಲ ಸಲ ಇಡೀ ಒಲೆ ನನ್ನೊಬ್ಬಳ ಕೈಗೆ ಬಂತು. ಟೊಮ್ಯಾಟೊ ಬೇಯಿಸಿ, ಸೋಸಿ, ಕುದಿಸಿ, ಬಗ್ಗಿ ವಾಸನೆ ಹಿಡಿದೆ. ಒಂದು ಚಿಟಿಕೆ ಉಪ್ಪು ಕಡಿಮೆ. ಹಾಕಿದೆ. ಅಷ್ಟರಲ್ಲಿ ಶೆಫ್ ಬಂದರು. ನಾನು ತೊಳೆದ ಚಮಚಗಳ ತಟ್ಟೆಯನ್ನೇ ಮುಂದೆ ಹಿಡಿದೆ. ಒಂದು ಚಮಚ ಸಾಸು ಬಾಯಿಗಿಟ್ಟರು. ಕೈ ಅಭ್ಯಾಸದಂತೆ ಪಾತ್ರೆಯ ಕಡೆ ಹೊರಟಿತು. ನಾನು ಪಾತ್ರೆ ಎತ್ತುವ ಬಟ್ಟೆ ಕೈಗೆ ತೆಗೆದುಕೊಂಡೆ. ಅವರ ಕೈ ಅರ್ಧ ದಾರಿಯಲ್ಲೇ ನಿಂತು, ಸಿಂಕಿನ ಕಡೆ ತಿರುಗಿತು. ಆಮೇಲೆ ಇನ್ನೊಂದು ಚಮಚ ತೆಗೆದುಕೊಂಡರು, ಮತ್ತೊಂದು, ಮಗುದೊಂದು. ರುಚಿ ನೋಡಲು ಅಷ್ಟು ಚಮಚ ಬೇಕಾಗಿರಲಿಲ್ಲ.

ಪುಸ್ತಕ ಇಸಿದುಕೊಂಡು ಸಹಿ ಹಾಕಿದರು. ಕೆಳಗೆ ಷರಾ ಬರೆಯುವ ಜಾಗದಲ್ಲಿ ಫ್ರೆಂಚಿನಲ್ಲಿ ಎರಡು ಸಾಲು ಗೀಚಿದರು. ಹುಬ್ಬಳ್ಳಿಗೆ ಬಂದ ಮೇಲೆ ಕಾಲೇಜಿನ ಪ್ರಾಚಾರ್ಯರು ಅದನ್ನು ಮೊಬೈಲಿನಲ್ಲಿ ಅನುವಾದ ಮಾಡಿಸಿ, ಕನ್ನಡಕ ಸರಿಪಡಿಸಿಕೊಂಡು ಗಟ್ಟಿಯಾಗಿ ಓದಿದರು:

"ಈಕೆ ರುಚಿ ನೋಡುವುದಿಲ್ಲ. ನೋಡಿದವರನ್ನು ಸುಮ್ಮನೆ ಬಿಡುವುದೂ ಇಲ್ಲ."