ಅಕಿ ಹಚ್ಚಿದ ಕರಕಿ

ಗಂಗಾವತಿ ಮೈದಾನದಾಗ ಹುಲ್ಲು ಬೆಳೆಸೋದು ನನ್ನ ಕೆಲಸ. ಕೆಡಿಸೋದು ಉಳಿದವರ ಕೆಲಸ. ವರ್ಷಕ್ಕ ಮೂರು ಕಾಲ, ಮೂರೂ ಕಾಲ ಇದ ನಡೀತೈತಿ. ಹೋದ ಮುಂಗಾರಿಗೆ ನಾನೂ ನನ್ನ ಹೆಂಡ್ತೀನೂ ಇರಕಲ್ಲಗಡದ ಹೊಲದ ಬದುವಿನಿಂದ ಕರಕಿ ಹುಲ್ಲು ತಂದು ಮೈದಾನದ ನಟ್ಟ ನಡುವ ಹಚ್ಚಿದ್ವಿ. ಚಳಿಗಾಲಕ್ಕ ಅಕಿ ತೀರಿಕೊಂಡ್ಲು. ಈಗ ಆ ಕರಕಿ ಒಂದ ಉಳಿದೈತಿ. ಅದು ಸಾಯಬಾರದು.

ಮಳಿಗಾಲ

ಕರಕಿ ಆಗಷ್ಟ ಬೇರು ಹಿಡಿದಿತ್ತು. ಗಣಪತಿ ಹಬ್ಬ ಬಂತು. ಓಣಿಯ ಮುದುಕಿ ಒಬ್ಬಾಕಿ ಕುಂತು ಬುಟ್ಟಿ ತುಂಬ ಕೀಳಾಕತ್ತಿದ್ಲು.

“ಯವ್ವಾ, ಅಂಚಿನಾಗ ಕೀಳು,” ಅಂದ್ಲು ನನ್ನ ಹೆಂಡ್ತಿ.

“ಅಂಚಿನಾಗ ನಾಯಿ ಕಾಲೆತ್ತತಾವ. ದೇವರಿಗೆ ಅದನ್ನ ಏರಿಸಲೇನು?”

“ದೇವರಿಗೆ ಇಪ್ಪತ್ತೊಂದು ಎಸಳು ಸಾಕಲ್ಲ. ಬುಟ್ಟಿ ಯಾಕ?”

“ಉಳಿದದ್ದು ಆಡಿಗೆ,” ಅಂದ್ಲು ಮುದುಕಿ.

ಚಳಿಗಾಲ

ಹೆಂಡ್ತೀನ ಮಣ್ಣು ಮಾಡಿ ನಾಕನೇ ದಿನಕ್ಕ ಕೆಲಸಕ್ಕ ಬಂದೆ. ಮೈದಾನದ ಸಾಹೇಬ್ರು ಹೆಗಲ ಮ್ಯಾಲ ಕೈ ಇಟ್ರು. “ಭಾಳ ಕೆಟ್ಟಾತು. ನೀರು ಬಿಟ್ಟಿಯೇನು?”

ಮುಂಜಾನಿ ವಾಕಿಂಗ್ ಬರೋರು ಅಕಿಗೆ ಎರಡು ನಿಮಿಷ ಮೌನ ಮಾಡ್ತೀವಿ ಅಂದ್ರು. ಮೂವತ್ತು ಮಂದಿ, ಬೂಟು ಹಾಕ್ಕೊಂಡು, ಹಸಿ ಕರಕಿ ಮ್ಯಾಲ ಗುಂಡಗ ನಿಂತ್ರು. ಚಳಿಗಾಲದಾಗ ತುಳಿದ ಕರಕಿ ಲಗೂನ ಏಳಂಗಿಲ್ಲ. ಮೌನದಾಗ ಸರೀರಿ ಅಂತ ಹೆಂಗ ಹೇಳ್ಲಿ? ಮುಗಿದ ಮ್ಯಾಲ ರಿಟೈರಾದ ಮಾಸ್ತರೊಬ್ಬರು ಮಾತಾಡಿದ್ರು.

“ಆ ತಾಯಿಗೆ ಈ ಹುಲ್ಲಂದ್ರ ಜೀವ ಇತ್ತು.”

ಹೇಳಿ, ಬೂಟಿಗೆ ಹತ್ತಿದ ಕೆಸರನ್ನ ಅದ ಹುಲ್ಲಿಗೆ ಒರೆಸಿದ್ರು.

ಬ್ಯಾಸಗಿ

ಕಾಲುವೆ ನೀರು ಬಂದ್ ಆತು. ಕರಕಿ ಒಣಗಿ ಕೆಂಪಾತು.

“ಬೇರಿನ್ಯಾಗ ಜೀವ ಐತ್ರಿ. ಒಂದು ಟ್ಯಾಂಕರ್ ನೀರು ಕೊಡಸ್ರಿ,” ಅಂತ ಸಾಹೇಬ್ರ ಮುಂದ ನಿಂತೆ.

“ಸತ್ತ ಹುಲ್ಲಿಗೆ ನೀರು ಹೊಯ್ಯೋದೇನೋ?” ಅಂದ್ರು.

ವಾರಕ್ಕ ಪಂದ್ಯ ಉದ್ಘಾಟನೆಗೆ ದೊಡ್ಡವರು ಬರ್ತಾರಂತ ಸುದ್ದಿ ಬಂತು. ಮೈದಾನ ಹಸರ ಕಾಣಬೇಕಂತ. ಸಾಹೇಬ್ರು ಮರಳಿ ಅನ್ನೋ ಊರಾಗ ಬೋರಿನ ನೀರಾಗ, ಟ್ರೇದಾಗ ಬೆಳೆಸಿದ ಭತ್ತದ ಸಸಿ ತರಿಸಿ, ಚಾಪಿ ಹಾಸಿದಂಗ ಕರಕಿ ಮ್ಯಾಲ ಹಾಸಿಸಿದ್ರು. ಸಸಿ ಬಾಡಬಾರದಂತ ಮೂರು ಟ್ಯಾಂಕರ್ ನೀರು ಬಂತು.

ದೊಡ್ಡವರೂ ನಮ್ಮ ಭತ್ತದ ಸೀಮಿಯವರ. ಬಗ್ಗಿ ಒಂದು ಸಸಿ ಕಿತ್ತು ನೋಡಿದ್ರು.

“ಇದು ಸೋನಾ ಮಸೂರಿ ಅಲ್ಲೇನ್ರಿ?”

“ಹೊಸ ತಳಿ ಹುಲ್ರಿ,” ಅಂದ್ರು ಸಾಹೇಬ್ರು.

“ಹಂಗಾದ್ರ ಕೊಯ್ಲಿಗೆ ನನ್ನ ಕರೀರಿ.”

ದೊಡ್ಡವರು ಹೇಳ್ಯಾರಂದ್ರ ಹೇಳ್ಯಾರ. ಸಾಹೇಬ್ರು ಆ ಸಸಿಗೆ ದಿನಾ ಟ್ಯಾಂಕರ್ ಹಚ್ಚಿದ್ರು. ಎಂಟು ದಿನಕ್ಕ ಸಸಿ ನಡುವಿಂದ ಕರಕಿ ತಲಿ ಎತ್ತಿತು. ನಾನು ಕುಂತು ಮುಟ್ಟಿ ನೋಡಾಕತ್ತಿದ್ದೆ. ಸಾಹೇಬ್ರು ಬಂದು ಹಿಂದ ನಿಂತ್ರು.

“ಭತ್ತದಾಗ ಇಷ್ಟು ಕಸ ಬೆಳೆಯೋತನಕ ಏನು ಮಾಡಾಕತ್ತಿದ್ದಿ? ಕಿತ್ತು ಒಗಿ.”

ಭತ್ತ ಕಿತ್ತು ಒಗದೆ. ಕರಕಿ ಮೈದುಂಬಿ ನಿಂತೈತಿ. ಸಾಹೇಬ್ರು ದಿನಾ ಬಂದು ಅದನ್ನ ನೋಡಿ ಕೇಳ್ತಾರ, “ತೆನಿ ಯಾವಾಗೋ?”

“ಬರ್ತೈತ್ರಿ,” ಅಂತೀನಿ. ನೀರು ಬಿಡ್ತೀನಿ.