ಟೈರಿಗೆ ತೆಗೆದ ಹಲ್ಲಿನಚ್ಚು

ಮದುವೆಯಾದಾಗಿನಿಂದ ಈ ಮನೆಯಲ್ಲಿ 'ಇದು ನಾನು ಆರಿಸಿದ್ದು' ಎಂದು ಬೆರಳು ಮಾಡಿ ತೋರಿಸಲು ಒಂದೇ ಒಂದು ವಸ್ತು ಇಲ್ಲ. ಪರದೆ ನನ್ನ ಹೆಂಡತಿ ಆರಿಸಿದ್ದು, ಸೋಫಾ ಅವಳೇ ಆರಿಸಿದ್ದು, ಗೋಡೆಯ ಬಣ್ಣ ಅವಳ ತಾಯಿ ಆರಿಸಿದ್ದು. ನನ್ನ ಮೂಗಿನ ಮೇಲಿರುವ ಕನ್ನಡಕದ ಫ್ರೇಮನ್ನೂ ತಾಯಿ ಮಗಳು ಸೇರಿಯೇ ಆರಿಸಿದರು (ಹಳೆಯ ಕನ್ನಡಕವನ್ನು ಅಂಗಡಿಯವನು ಬಿಚ್ಚಿಸಿಟ್ಟಿದ್ದರಿಂದ ಏನು ನಡೆಯುತ್ತಿದೆ ಎಂಬುದೇ ನನಗೆ ಕಾಣುತ್ತಿರಲಿಲ್ಲ). ಹೀಗಿರುವಾಗ ಒಂದು ಸಂಜೆ ಪಾತ್ರೆ ತೊಳೆಯುತ್ತಿದ್ದ ನನ್ನ ಹೆಂಡತಿ, ತಿರುಗಿಯೂ ನೋಡದೆ, "ಟ್ರ್ಯಾಕ್ಟರಿನ ಮುಂದಿನ ಟೈರು ನೀವೇ ಆರಿಸ್ಕೊಂಡು ಬನ್ನಿ" ಎಂದಾಗ ನನಗಾದ ಆಘಾತವನ್ನು ನೀವೇ ಊಹಿಸಿಕೊಳ್ಳಿ. ಕೈಯಲ್ಲಿದ್ದ ಲೋಟ ಜಾರಿ ನೆಲಕ್ಕೆ ಬಿತ್ತು.

"ಯಾರು, ನಾನಾ?"

"ಇನ್ಯಾರು? ಅಡುಗೆಮನೇಲಿ ನಿಮ್ಮನ್ನ ಬಿಟ್ರೆ ಬೆಕ್ಕು ಇದೆ."

"ನನಗೆ ಯಾವ್ದು ಸರಿ ಅನ್ಸುತ್ತೋ ಅದನ್ನೇ ತರ್ಬಹುದಾ?"

"ಹೂಂ ರೀ. ಮೊದ್ಲು ಆ ಲೋಟ ಎತ್ತಿ."

ಟ್ರ್ಯಾಕ್ಟರು ಎಂದೊಡನೆ ಹತ್ತಾರು ಎಕರೆ ಉಳುವ ಗಜಗಾತ್ರದ ಯಂತ್ರವನ್ನು ಕಲ್ಪಿಸಿಕೊಳ್ಳಬೇಡಿ. ನಮ್ಮದು ಕೈತೋಟದ ಟ್ರ್ಯಾಕ್ಟರು. ಮೇಲೊಂದು ಸೀಟು, ಹೊಟ್ಟೆಯಡಿಯಲ್ಲಿ ಹುಲ್ಲು ಕತ್ತರಿಸುವ ಅಲಗು, ಹಿಂದೆ ಎರಡು ದೊಡ್ಡ ಚಕ್ರ, ಮುಂದೆ ಎರಡು ಪುಟಾಣಿ ಚಕ್ರ, ಇಷ್ಟೇ ಅದರ ಸಂಸಾರ. ಅದು ಓಡಾಡುವುದು ನನ್ನ ಹೆಂಡತಿಯ ಹುಲ್ಲುಹಾಸಿನ ಮೇಲೆ. ಆ ಹುಲ್ಲುಹಾಸನ್ನು ಅವಳು ಹಸುಗೂಸಿನಂತೆ ಸಾಕಿದ್ದಾಳೆ. ಅದರ ಮೇಲೆ ಚಪ್ಪಲಿ ಕಾಲಿಡಲು ನನಗೆ ಇಂದಿಗೂ ಅನುಮತಿಯಿಲ್ಲ.

ಪಕ್ಕದ ಮನೆಯಲ್ಲಿ ಹಡಗಿನ ಕೆಲಸದಿಂದ ನಿವೃತ್ತರಾದ ಕ್ಯಾಪ್ಟನ್ ಇದ್ದಾರೆ. ಅವರಿಗೂ ಹುಲ್ಲುಹಾಸು ಇದೆ, ಟ್ರ್ಯಾಕ್ಟರೂ ಇದೆ. ಅತ್ಯುತ್ತಮ ಹುಲ್ಲುಹಾಸಿಗೆಂದು ತೋಟಗಾರರ ಸಂಘ ಕೊಡುವ ಬೆಳ್ಳಿಯ ಬಹುಮಾನದ ಕಪ್ಪು ಹೋದ ವರ್ಷ ಅವರ ಪಾಲಾಯಿತು. ಅವರಾದರೂ ಅದನ್ನು ತಮ್ಮ ಬೀರುವಿನಲ್ಲಿಟ್ಟುಕೊಂಡು ಸುಮ್ಮನಿದ್ದರೇ? ಇಲ್ಲ. ನಮ್ಮ ಅಡುಗೆಮನೆಗೆ ಎದುರಾಗಿರುವ ಕಿಟಕಿಯಲ್ಲೇ ಇಟ್ಟರು. ಅಂದಿನಿಂದ ನನ್ನ ಹೆಂಡತಿ ದಿನವೂ ಆ ಕಪ್ಪನ್ನು ದುರುಗುಟ್ಟಿ ನೋಡುತ್ತ ಪಾತ್ರೆ ತಿಕ್ಕುತ್ತಾಳೆ. ನಮ್ಮ ಮನೆಯ ಪಾತ್ರೆಗಳೆಲ್ಲ ಸವೆದು ಕಾಗದವಾಗಿವೆ.

ಈ ವರ್ಷದ ಪರೀಕ್ಷಕರು ಭಾನುವಾರ ಬೆಳಿಗ್ಗೆ ಬರುವವರಿದ್ದರು. ನಮ್ಮ ಟ್ರ್ಯಾಕ್ಟರಿನ ಮುಂದಿನ ಟೈರುಗಳಾದರೋ ಸವೆದು ನುಣ್ಣಗೆ ಬೋಳಾಗಿದ್ದವು. ಹಿಂದಿನ ವಾರ ಒದ್ದೆ ಹುಲ್ಲಿನ ಮೇಲೆ ನಾನು ಸ್ಟಿಯರಿಂಗನ್ನು ಪೂರ್ತಿ ಎಡಕ್ಕೆ ತಿರುಗಿಸಿದರೂ ಅದು ನನ್ನ ಮಾತಿಗೆ ಕವಡೆ ಕಿಮ್ಮತ್ತೂ ಕೊಡದೆ ನೆಟ್ಟಗೆ ಜಾರಿ ಗುಲಾಬಿ ಪಾತಿಗೆ ನುಗ್ಗಿತ್ತು. (ಮನೆಯಲ್ಲಿ ನನ್ನ ಮಾತು ಕೇಳುವುದು ಅದೊಂದೇ ಎಂದುಕೊಂಡಿದ್ದೆ.) "ಹಿಂದೆ ತಿರುಗಿ ತಿರುಗಿ ನೋಡ್ತಾ ಓಡಿಸಿದ್ರೆ ಇನ್ನೇನಾಗುತ್ತೆ? ಇನ್ಮೇಲೆ ಬರೀ ಮುಂದೆ ನೋಡಿ" ಎಂದು ಆಜ್ಞೆಯಾಗಿತ್ತು. ಈ ಆಜ್ಞೆಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ನಾನು ಹಲ್ಲಿನ ಡಾಕ್ಟರು. ಬೆಳಗಿನಿಂದ ಸಂಜೆಯವರೆಗೆ "ಸ್ವಲ್ಪ ನೋವಾಗುತ್ತೆ ಅಷ್ಟೆ, ಅಲ್ಲಾಡಬೇಡಿ" ಎನ್ನುವುದೇ ನನ್ನ ಬದುಕು. ಟೈರಿನ ಮೇಲಿನ ಉಬ್ಬುತಗ್ಗುಗಳ ವಿಷಯದಲ್ಲಿ ಊರಿನ ಇತರ ಗಂಡಂದಿರಿಗಿಂತ ನನಗೆ ಹೆಚ್ಚು ತಿಳಿವಳಿಕೆ ಇರಲೇಬೇಕಲ್ಲವೇ? ಟೈರು ಒಂದು ದವಡೆ, ಅದರ ಉಬ್ಬುಗಳು ಹಲ್ಲು. ಇಷ್ಟು ಹೊಳೆದದ್ದೇ ತಡ, ನನ್ನ ತಲೆಯಲ್ಲಿ ಒಂದು ಮಹೋನ್ನತ ಯೋಜನೆ ಮೂಡಿತು. ಕಪ್ಪು ಗೆದ್ದದ್ದು ಕ್ಯಾಪ್ಟನ್ನರ ಟ್ರ್ಯಾಕ್ಟರು. ಅದರ ಮುಂದಿನ ಟೈರಿನ ಉಬ್ಬುತಗ್ಗು ಹೇಗಿದೆಯೋ ಹಾಗೇ ಇರುವ ಟೈರು ತಂದರಾಯಿತು! ಅವರನ್ನೇ ಕೇಳಬಹುದಿತ್ತು. ಆದರೆ ಕ್ಯಾಪ್ಟನ್ನರ ಬಳಿ ಸಲಹೆ ಕೇಳಿದ ವಿಷಯ ಗೊತ್ತಾದರೆ ನನ್ನ ಹೆಂಡತಿ ನನ್ನನ್ನು ಅವರ ಮನೆಯಲ್ಲೇ ಬಿಟ್ಟುಬರುತ್ತಾಳೆ.

ಮರುದಿನ ಬೆಳಕು ಹರಿಯುವ ಹೊತ್ತಿಗೆ ನಾನು ಬಿಳಿ ಕೋಟು, ಕೈಗವಸು ಧರಿಸಿ, ಅಚ್ಚು ತೆಗೆಯುವ ಗುಲಾಬಿ ಬಣ್ಣದ ಹಿಟ್ಟನ್ನು ಕಲಸಿಕೊಂಡು ಬೇಲಿ ದಾಟಿದೆ. ಟ್ರ್ಯಾಕ್ಟರು ಶೆಡ್ಡಿನೊಳಗೆ ಬೀಗದಲ್ಲಿತ್ತು. ಆದರೆ ಅವರ ಹೂವಿನ ಪಾತಿಯಂಚಿನ ಮೆದು ಮಣ್ಣಿನಲ್ಲಿ ಮುಂದಿನ ಚಕ್ರ ಹರಿದ ಗುರುತು ಸ್ಪಷ್ಟವಾಗಿ ಮೂಡಿತ್ತು. ಅಂಥ ಸೊಗಸಾದ, ಅಲ್ಲಾಡದ, ಕಿರುಚದ ರೋಗಿ ನನಗೆ ಈವರೆಗೆ ಸಿಕ್ಕಿರಲಿಲ್ಲ. ಕ್ಲಿನಿಕ್ಕಿನಲ್ಲಿ ದವಡೆಗೆ ಒತ್ತುವಂತೆ ಹಿಟ್ಟನ್ನು ಮಣ್ಣಿನ ಗುರುತಿಗೆ ಒತ್ತಿದೆ. ಅಷ್ಟರಲ್ಲಿ ತಲೆಯ ಮೇಲಿಂದ ಗಡಸು ದನಿ ಕೇಳಿಸಿತು.

"ಏನು ಡಾಕ್ಟ್ರೇ, ನೆಲಕ್ಕೆ ಹಲ್ಲು ನೋವಾ?"

ತಲೆಯೆತ್ತಿ ನೋಡಿದೆ. ಕ್ಯಾಪ್ಟನ್ ನೀರಿನ ಕೊಳವೆ ಹಿಡಿದು ನಿಂತಿದ್ದರು. ಬಾಯಿಗೆ ಬಂದದ್ದನ್ನು ಹೇಳಿಬಿಟ್ಟೆ. "ಏನಿಲ್ಲ, ನಮ್ಮ ಅತ್ತೆಯವರ ಹಲ್ಲಿನ ಸೆಟ್ಟು ಇಲ್ಲೇ ಎಲ್ಲೋ ಬಿದ್ದಿದೆ. ಹುಡುಕ್ತಾ ಇದೀನಿ."

ನಮ್ಮತ್ತೆಗೆ ಕಟ್ಟಿಸಿದ ಹಲ್ಲು ಎಂಬುದು ಜಗತ್ತಿನಲ್ಲಿ ಮೂವರಿಗೆ ಮಾತ್ರ ಗೊತ್ತಿದ್ದ ರಹಸ್ಯ. ಅಂದು ನಾಲ್ಕನೆಯವರಿಗೆ ಗೊತ್ತಾಯಿತು. "ಅಯ್ಯೋ ಪಾಪ, ನಾನೂ ಹುಡುಕ್ತೀನಿ ಬಿಡಿ" ಎಂದು ಕ್ಯಾಪ್ಟನ್ ಗಂಭೀರವಾಗಿ ಪೊದೆಯೊಂದರೊಳಗೆ ತಲೆ ಹಾಕಿದರು. ನಾನು ಅಚ್ಚನ್ನು ಎತ್ತಿಕೊಂಡು ಕಾಲಿಗೆ ಬುದ್ಧಿ ಹೇಳಿದೆ.

ಕ್ಲಿನಿಕ್ಕಿಗೆ ಹೋದವನೇ, ದಿನವೂ ಮಾಡುವಂತೆ, ಆ ಅಚ್ಚಿನೊಳಕ್ಕೆ ಪ್ಲಾಸ್ಟರ್ ಗಾರೆ ಸುರಿದು ಮಾದರಿ ಮಾಡಿದೆ. ಒಣಗಿದ ಮೇಲೆ ಬಿಡಿಸಿ ನೋಡಿದರೆ, ಅಬ್ಬಬ್ಬಾ! ಅಗಲವಾದ ಆಳದ ಹೊಂಡಗಳು, ನಡುನಡುವೆ ಎದ್ದು ನಿಂತ ಚೂಪು ಏಣುಗಳು. ಸಿಂಹದ ಕೋರೆಹಲ್ಲಿನ ಸಾಲು ನೋಡಿದಂತಾಯಿತು. 'ಕ್ಯಾಪ್ಟನ್ ಕಪ್ಪು ಗೆದ್ದದ್ದು ಸುಮ್ಮನೆ ಅಲ್ಲ' ಎಂದುಕೊಂಡು ಮಾದರಿಯನ್ನು ಕಂಕುಳಲ್ಲಿಟ್ಟುಕೊಂಡು ಟೈರಿನ ಅಂಗಡಿಗೆ ನಡೆದೆ.

ಅಂಗಡಿಯವನು ನನ್ನ ಹಳೆಯ ರೋಗಿ. ಅವನ ಬುದ್ಧಿಹಲ್ಲೊಂದನ್ನು ಕೀಳಬೇಕೆಂದು ಹೇಳಿ ಬಹಳ ಕಾಲವಾಯಿತು, ಮನುಷ್ಯ ಕ್ಲಿನಿಕ್ಕಿನ ಕಡೆ ತಲೆ ಹಾಕಿಲ್ಲ. ಒಮ್ಮೆ ರಸ್ತೆಯಲ್ಲಿ ಸಿಕ್ಕಾಗ 'ನಮಸ್ಕಾರ' ಎನ್ನಲು ಬಾಯಿ ತೆರೆದ. ನಾನು ಅಭ್ಯಾಸಬಲದಿಂದ ಜೇಬಿನ ಟಾರ್ಚು ತೆಗೆದು ಒಳಗೆ ಇಣುಕಿದೆ. ಅಂದಿನಿಂದ ನನ್ನನ್ನು ಕಂಡರೆ ಅಂಗೈಯಿಂದ ಬಾಯಿ ಮುಚ್ಚಿಕೊಳ್ಳುತ್ತಾನೆ.

ನಾನು ಹೋದೊಡನೆ ಅವನು ಒಂದು ಕೈಯಲ್ಲಿ ಬಾಯಿ ಮುಚ್ಚಿಕೊಂಡೇ ಕೌಂಟರಿನ ಕೆಳಗಿನಿಂದ ಒಂದು ಜೊತೆ ಟೈರನ್ನು ಕಾಲಿನಿಂದ ನನ್ನತ್ತ ನೂಕಿದ. ಅದರ ಮೈಮೇಲೆ ಚಪ್ಪಟೆ ಬಿಲ್ಲೆಗಳನ್ನು ಒತ್ತೊತ್ತಾಗಿ ಅಂಟಿಸಿದಂತಿತ್ತು, ನಡುವೆ ಸಣ್ಣ ಸಣ್ಣ ಸಂದು. ಸವೆದ ದವಡೆಹಲ್ಲು! ನಾನು ನಕ್ಕು, "ಇದು ಬೇಡ, ಇಂಥದ್ದು ಕೊಡಿ" ಎಂದು ನನ್ನ ಮಾದರಿಯನ್ನು ಕೌಂಟರಿನ ಮೇಲಿಟ್ಟೆ.

ಅವನು ಮಾದರಿಯನ್ನು ನೋಡಿದ. ಮೂಲೆಯಲ್ಲಿದ್ದ, ಕೆಸರುಗದ್ದೆಗೆಂದು ಮಾಡಿದ ಕೋರೆಹಲ್ಲಿನ ಟೈರುಗಳನ್ನು ನೋಡಿದ. ಕಣ್ಣು ಹೊರಗೆ ಬಂದವು. "ಉಂಹೂಂ! ಉಂ… ಉಂಹೂಂ!" ಎಂದು ತಲೆಯಾಡಿಸುತ್ತ ಬಿಲ್ಲೆಯ ಟೈರನ್ನು ಮತ್ತೆ ನೂಕಿದ.

"ಏನ್ರೀ ಅದು, ಬಾಯಿ ತೆಗೆದು ಹೇಳಿ!" ಎಂದೆ. ನನಗರಿವಿಲ್ಲದೆಯೇ ಕೈ ಟಾರ್ಚಿನತ್ತ ಹೋಯಿತು. ಅವನು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಓಡಿಹೋಗಿ ಕೋರೆಹಲ್ಲಿನ ಟೈರುಗಳನ್ನೇ ತಂದುಕೊಟ್ಟ.

ಭಾನುವಾರ ಬೆಳಿಗ್ಗೆ ಹೆಂಡತಿ ಹೂಕುಂಡಗಳನ್ನು ತರಲು ಹೋಗಿದ್ದಳು. ಬರುವಷ್ಟರಲ್ಲಿ ಕೊನೆಯ ಸಲ ಹುಲ್ಲು ಕತ್ತರಿಸಿ ಅವಳನ್ನು ಬೆರಗುಗೊಳಿಸುವ ಉಮೇದಿನಿಂದ ಹೊಸ ಟೈರು ಜೋಡಿಸಿ ಸೀಟಿನ ಮೇಲೆ ವಿರಾಜಮಾನನಾದೆ. ಹುಲ್ಲಿಗೆ ಆಗಷ್ಟೇ ನೀರು ಹಾಯಿಸಿತ್ತು. ಸ್ಟಿಯರಿಂಗನ್ನು ಎಡಕ್ಕೆ ತಿರುಗಿಸಿದೆ, ಎಡಕ್ಕೆ ಹೋಯಿತು! ಬಲಕ್ಕೆ ತಿರುಗಿಸಿದೆ, ಬಲಕ್ಕೆ ಹೋಯಿತು! ನನ್ನ ಮಾತನ್ನು ಇಷ್ಟು ಚಾಚೂ ತಪ್ಪದೆ ಪಾಲಿಸಿದವರನ್ನು ನಾನು ಜೀವಮಾನದಲ್ಲಿ ಕಂಡಿರಲಿಲ್ಲ. ಖುಷಿ ತಡೆಯಲಾರದೆ ಸುತ್ತು ಹಾಕಿದೆ, ಸುತ್ತಿನೊಳಗೆ ಸುತ್ತು ಹಾಕಿದೆ. ಜಗಲಿಯಿಂದ ಅತ್ತೆ ಎರಡೂ ಕೈ ಬೀಸುತ್ತಿದ್ದರು. ನಾನೂ ಒಂದು ಕೈ ಬೀಸಿದೆ. ಅವರು ಊರುಗೋಲು ಬೀಸಿದರು. ನಾನು ಟೋಪಿ ಬೀಸಿದೆ. ಹಿಂದೆ ಮಾತ್ರ ನೋಡಲಿಲ್ಲ. ಆಜ್ಞೆ ಇತ್ತಲ್ಲ.

ಗೇಟಿನ ಬಳಿ ಕುಂಡ ಒಡೆದ ಸದ್ದಾಯಿತು. ಆಗ ತಿರುಗಿ ನೋಡಿದೆ.

ನೋಡಬಾರದಿತ್ತು. ಹುಲ್ಲುಹಾಸು ಇರಲಿಲ್ಲ. ಇದ್ದದ್ದು ಕಪ್ಪು ಮಣ್ಣಿನ ಸುರುಳಿಗಳು, ಅವುಗಳ ಅಕ್ಕಪಕ್ಕ ಬೇರುಸಮೇತ ಕಿತ್ತುಬಿದ್ದ ಹುಲ್ಲಿನ ಗಡ್ಡೆಗಳು. ನಾನು ತಿರುಗಿಸಿದಲ್ಲೆಲ್ಲ ಆ ಮುಂದಿನ ಕೋರೆಗಳು ನೆಲವನ್ನು ಕಚ್ಚಿ, ಅಡ್ಡಡ್ಡ ಉಜ್ಜಿ, ಅಗಿದು ಉಗುಳಿದ್ದವು. ಅರಿವಳಿಕೆ ಕೊಡದೆ ಇಷ್ಟು ಕಿತ್ತದ್ದು ನನ್ನ ವೃತ್ತಿಯಲ್ಲೇ ಇಲ್ಲ.

ಹೆಂಡತಿ ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಅವಳು ಬೈಯಲಿಲ್ಲ. ಮೆಟ್ಟಿಲ ಮೇಲೆ ಕುಳಿತು, ಒಡೆದ ಕುಂಡದ ಚೂರೊಂದನ್ನು ಹಿಡಿದುಕೊಂಡು ಸುರುಳಿಗಳನ್ನೇ ನೋಡುತ್ತಿದ್ದಳು. ಆಮೇಲೆ ಕತ್ತೆತ್ತಿ ಕ್ಯಾಪ್ಟನ್ನರ ಕಿಟಕಿಯ ಕಪ್ಪನ್ನು ನೋಡಿದಳು. ಅವಳ ಕಣ್ಣು ತುಂಬಿದ್ದನ್ನು ಕಂಡು ನನಗೆ ನಿಜಕ್ಕೂ ಹೆದರಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಸಂಕಟವಾಯಿತು.

ಅಷ್ಟರಲ್ಲೇ ಪರೀಕ್ಷಕರಾಗಿ ತೋಟಗಾರರ ಸಂಘದ ಅಧ್ಯಕ್ಷೆಯೇ ಬಂದರು. ಗೇಟು ದಾಟಿದವರೇ ದಿಗ್ಭ್ರಮೆಗೊಂಡು ಬಾಯಿ ಇಷ್ಟಗಲ ತೆರೆದು ನಿಂತರು. ನಾನು ಏನಾದರೂ ಸಮಾಧಾನ ಹೇಳಬೇಕೆಂದು ಹತ್ತಿರ ಹೋದೆ. ಆದರೆ ಬಾಯಿಯಿಂದ ಹೊರಬಿದ್ದದ್ದು, "ಕೆಳಗಡೆ ಎಡಕ್ಕೆ ಒಂದು ಹುಳುಕಿದೆ ಮೇಡಂ, ಬೇಗ ತುಂಬಿಸಿಬಿಡಿ."

ಅವರ ಹಿಂದೆಯೇ ಬಂದಿದ್ದ ಕ್ಯಾಪ್ಟನ್ ನನ್ನನ್ನು ಪಾರುಮಾಡಲೆಂದೋ ಏನೋ ಜಗಲಿಯತ್ತ ತಿರುಗಿ, "ಅಂದ ಹಾಗೆ ಅಮ್ಮಾ, ನಿಮ್ಮ ಹಲ್ಲಿನ ಸೆಟ್ಟು ಸಿಕ್ತಾ? ನಾನಂತೂ ಪಾತಿಯೆಲ್ಲ ಜಾಲಾಡಿದೆ" ಎಂದರು. ನಮ್ಮತ್ತೆ ಬಾಯಿಗೆ ಸೆರಗಿಟ್ಟುಕೊಂಡು ಒಳಗೆ ಹೋದರು. ಹೋಗುವ ಮುನ್ನ ನನ್ನತ್ತ ನೋಡಿದ ನೋಟಕ್ಕೆ ಉಳಿದಿದ್ದ ಹುಲ್ಲೂ ಒಣಗಬೇಕಿತ್ತು.

"ನಾನು ನಿಮ್ಮ ಟೈರಿನ ಥರದ್ದೇ ತಂದದ್ದು!" ಎಂದು ಕ್ಯಾಪ್ಟನ್ನರ ಮೇಲೆ ಏರಿಹೋಗಿ ಮಾದರಿಯನ್ನು ತಂದು ತೋರಿಸಿದೆ. ಅವರು ನನ್ನನ್ನು ತಮ್ಮ ಶೆಡ್ಡಿಗೆ ಕರೆದೊಯ್ದರು. ಅವರ ಟ್ರ್ಯಾಕ್ಟರಿನ ಮುಂದಿನ ಟೈರಿನ ಮೇಲಿದ್ದದ್ದು ಚಪ್ಪಟೆ ಬಿಲ್ಲೆಗಳು, ನಡುವೆ ಸಣ್ಣ ಸಂದು. ನನ್ನ ಮಾದರಿಯಲ್ಲಿ ಬಿಲ್ಲೆ ಇರಬೇಕಾದಲ್ಲಿ ಹೊಂಡ, ಸಂದು ಇರಬೇಕಾದಲ್ಲಿ ಏಣು. ಆಗ ನನಗೆ ಬೆಳಕು ಕಂಡಿತು, ಕಣ್ಣು ಕತ್ತಲೆ ಬಂತು. ನಾನು ಬಾಯಿಯ ಅಚ್ಚು ತೆಗೆದು ಗಾರೆ ಸುರಿದರೆ ಬರುವುದು ಬಾಯಿಯದೇ ಪ್ರತಿರೂಪ. ಮಣ್ಣಿನ ಅಚ್ಚು ತೆಗೆದು ಸುರಿದರೆ ಬರುವುದು ಮಣ್ಣಿನ ಪ್ರತಿರೂಪ! ನಾನು ಟೈರನ್ನು ಆರಿಸಿರಲಿಲ್ಲ, ಟೈರು ತುಳಿದ ನೆಲವನ್ನು ಆರಿಸಿದ್ದೆ. ಗಾರೆಯನ್ನು ನೇರವಾಗಿ ಮಣ್ಣಿಗೇ ಸುರಿದಿದ್ದರೆ ಸಾಕಿತ್ತು.

ತಲೆ ತಗ್ಗಿಸಿ ಹಿಂದಿರುಗಿದಾಗ ನಮ್ಮ ಗೇಟಿನಲ್ಲಿ ಟೈರಂಗಡಿಯವನು ನಿಂತಿದ್ದ. ಎರಡೂ ಕಂಕುಳಲ್ಲಿ ಬಿಲ್ಲೆಯ ಟೈರು. "ಮನಸ್ಸು ತಡೀಲಿಲ್ಲಮ್ಮಾ, ಬದಲಾಯಿಸಿ ಕೊಡೋಣ ಅಂತ ಬಂದೆ" ಎಂದು ನನ್ನ ಹೆಂಡತಿಗೆ ಹೇಳುತ್ತಿದ್ದ. "ನೀವು ಮೊದ್ಲೇ ಬಂದು, 'ಇವನ್ನ ಎತ್ತಿಟ್ಟಿರಿ, ಅವರು ಬಂದ್ರೆ ಅವರೇ ಆರಿಸಿದ ಹಾಗೆ ಮಾಡಿ ಇದನ್ನೇ ಕೊಡಿ' ಅಂದಿದ್ರಿ. ನಾನು ನೂಕಿದೆ ಕೂಡ. ಅವರು ತಗೊಳ್ಳಲಿಲ್ಲ."

ಅಂದಿನ ಆಘಾತಗಳಲ್ಲೆಲ್ಲ ಇದು ನನ್ನ ಎದೆಗೇ ಬಡಿಯಿತು. "ಅಂದ್ರೆ… ಆರಿಸಿದ್ದು ನೀನೇನಾ? ಇದನ್ನೂ ನೀನೇನಾ?"

"ನಿಮಗೂ ಒಂದು ಆಸೆ ಇರುತ್ತೆ, ತೀರಲಿ ಪಾಪ ಅಂತ ಮಾಡಿದೆ ಕಣ್ರೀ" ಎಂದು ಅವಳು ಕಣ್ಣೊರೆಸಿಕೊಂಡಳು. ಆಮೇಲೆ ಅಂಗಡಿಯವನತ್ತ ತಿರುಗಿ, "ನೀವಾದ್ರೂ ಅವತ್ತೇ ಹೇಳ್ಬಾರ್ದಾಗಿತ್ತಾ?" ಎಂದಳು.

ಅವನು ನನ್ನ ಜೇಬಿನತ್ತ ಒಮ್ಮೆ ನೋಡಿದ. ಟೈರುಗಳನ್ನು ಕೆಳಗೆ ಹಾಕಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡ.

ಕಪ್ಪು ಈ ವರ್ಷವೂ ಆ ಕಿಟಕಿಯಲ್ಲೇ ಇದೆ. ನಾನು ಈಗ ಕ್ಲಿನಿಕ್ಕು ಮುಚ್ಚಿದ ಮೇಲೆ ದಿನವೂ ಇಕ್ಕಳ, ಚಿಮುಟ, ಪುಟ್ಟ ಕನ್ನಡಿ ಇರುವ ತಟ್ಟೆಯೊಂದಿಗೆ ಅಂಗಳದಲ್ಲಿ ಮಂಡಿಯೂರಿ, ಕಿತ್ತುಹೋದ ಹುಲ್ಲನ್ನು ಗಡ್ಡೆಗಡ್ಡೆಯಾಗಿ ಮತ್ತೆ ನೆಡುತ್ತಿದ್ದೇನೆ. ಯಾವ ಗಡ್ಡೆ ಎಲ್ಲಿ ಎಂಬುದನ್ನು ನನ್ನ ಹೆಂಡತಿ ಆರಿಸುತ್ತಾಳೆ. ಅತ್ತೆ ಕುರ್ಚಿ ಹಾಕಿಸಿಕೊಂಡು, ಹಲ್ಲಿನ ಸೆಟ್ಟು ಹಾಕಿಕೊಂಡು, ಎಲ್ಲವನ್ನೂ ಬಿಡುವುಮಾಡಿಕೊಂಡು ನೋಡುತ್ತಾರೆ.

ನಿನ್ನೆ ಎದ್ದು ನಿಲ್ಲಲು ಹೋದಾಗ ಸೊಂಟ ಹಿಡಿದುಕೊಂಡಿತು. "ಅಯ್ಯೋ!" ಎಂದು ಕೂಗಿದೆ. ಹೆಂಡತಿ ನನ್ನ ಭುಜದ ಮೇಲೆ ಮೃದುವಾಗಿ ಕೈಯಿಟ್ಟು ಮತ್ತೆ ಕೆಳಗೆ ಕೂರಿಸಿದಳು.

"ಸ್ವಲ್ಪ ನೋವಾಗುತ್ತೆ ಅಷ್ಟೆ," ಎಂದಳು, "ಅಲ್ಲಾಡಬೇಡಿ."