ಹಾಜಿಯ ಗೊರಕೆಯನ್ನು ಪರದೆಗೇರಿಸಿದ ಈನಮ್ ಉಪಕರಣದ ಸನ್ನಿಧಿಗೆ

ಸ್ಫಾಕ್ಸ್, ಆಲಿವ್ ಅರೆಯುವ ಕಾಲ

ಮಾನ್ಯರೇ,

ಕಂಪ್ಯೂಟರಿನ ಕಪ್ಪು ಕಿಟಕಿಯಲ್ಲಿ ಹೆಸರು ಟೈಪಿಸಿದರೆ ಸಾಕು ಓಗೊಡುವ, ಒಂದು ಲೋಟ ಕಾಫಿಯನ್ನೂ ಬೇಡದೆ ಕಣ್ಣು ಮಿಟುಕಿಸುವಷ್ಟರಲ್ಲಿ ಕೆಲಸ ತೀರಿಸಿ, ತೀರಿತೆಂದೂ ಹೇಳದೆ ಮೌನಕ್ಕೆ ಮರಳುವ ತಮ್ಮ ಘನತೆಗೆ, ಎಣ್ಣೆಗಾಣಗಳಿಗೆ ನಿಯಂತ್ರಣ ಪೆಟ್ಟಿಗೆ ಮಾಡುವ ಸಣ್ಣ ಕಾರ್ಖಾನೆಯೊಂದರಲ್ಲಿ ಪ್ರೋಗ್ರಾಂ ಬರೆಯುವ ರಫ್ಲಾ ಕಮ್ಮೂನ್ ಎಂಬ ನಾನು ಮಾಡುವ ನಮಸ್ಕಾರಗಳು. ತಾವು ಕ್ಷೇಮವೆಂದು ಭಾವಿಸುತ್ತೇನೆ. ಕ್ಷೇಮವಲ್ಲದಿದ್ದರೆ ಇಷ್ಟು ಹೊತ್ತಿಗೆ ತಪ್ಪು ನನ್ನದೇ ಎಂದು ಸಾಲುಸಂಖ್ಯೆ ಸಮೇತ ತಿಳಿಸಿರುತ್ತಿದ್ದಿರಿ.

ಗಾಣದ ಯಂತ್ರಕ್ಕೆ ಅಂಕಿಯ ಹೊರತು ಬೇರೆ ಭಾಷೆ ಬಾರದೆಂಬುದೂ, ಬರೆಯುವವರ ಅನುಕೂಲಕ್ಕೆಂದು ಸಿ ಭಾಷೆಯಲ್ಲಿ ಈನಮ್ ಎಂಬ ಪಟ್ಟಿ ಮಾಡಿ, ಮೊದಲ ಹೆಸರಿಗೆ ಸೊನ್ನೆ, ಅದರ ಕೆಳಗಿನದಕ್ಕೆ ಒಂದು, ಹೀಗೆ ಕೂತ ಜಾಗದಿಂದಲೇ ಅಂಕಿ ಹಂಚುತ್ತೇವೆಂಬುದೂ ತಮಗೆ ತಿಳಿದದ್ದೇ. ನಮ್ಮ ಪಟ್ಟಿಯಲ್ಲಿ ಸೊನ್ನೆಯೆಂದರೆ 'ಎಲ್ಲ ಸೌಖ್ಯ'. ಒಂದೆಂದರೆ, ಅರೆದ ಕಾಯಿಯ ಮುದ್ದೆಯನ್ನು ನಾದುವ ತೊಟ್ಟಿ ಸಿಕ್ಕಿಕೊಂಡು, ಮೋಟರು ಸದ್ದು ಮಾಡುತ್ತಲೇ ಇದ್ದರೂ ಏನೂ ಅಲುಗಾಡದ ಸ್ಥಿತಿ. ಇದಕ್ಕೆ ನಾನು ನಮ್ಮೂರಿನ ಮಾತಿನಲ್ಲೇ, ಮೊಬೈಲಿನಲ್ಲಿ ಬರೆಯುವ ಹಾಗೆ ಲ್ಯಾಟಿನ್ ಅಕ್ಷರಗಳಲ್ಲಿ, 'ಹಾಜಿ ಗೊರಕೆ ಹೊಡೆಯುತ್ತಿದ್ದಾನೆ' ಎಂದು ಹೆಸರಿಟ್ಟಿದ್ದೆ. ಗಾಣದ ಯಜಮಾನ ಹಾಜಿ ತಿಜಾನಿಯವರು ತಮ್ಮ ಪೆಟ್ಟಿಗೆ ಸಿದ್ಧವಾಯಿತೇ ಎಂದು ವಿಚಾರಿಸಲು ಕಾರ್ಖಾನೆಗೆ ಬಂದಾಗಲೆಲ್ಲ ಬಾಗಿಲ ಪಕ್ಕದ ಕುರ್ಚಿಯಲ್ಲಿ ಅದೇ ಸ್ಥಿತಿಗೆ ಹೋಗುತ್ತಿದ್ದರು.

ಇಂಥ ಹೆಸರುಗಳು ಅಡುಗೆಮನೆಯ ಮಾತಿನಂತೆ ಒಳಗೇ ಉಳಿಯುತ್ತಿದ್ದವು. ಪರದೆಯ ಮೇಲೆ ತೋರಿಸುವ ಸಭ್ಯ ವಾಕ್ಯಗಳನ್ನು ನಾನು ಬೇರೆಯಾಗಿ, ಕೈಯಾರೆ ಬರೆಯುತ್ತಿದ್ದೆ. ಈ ಸಲ ನಮ್ಮ ಧಣಿ ಮುಂಜಿಯವರು, "ಕೈಯಲ್ಲಿ ಯಾಕೆ ಬರೀತಾ ಕೂತಿದ್ದೀಯ? ಪಟ್ಟಿಯ ಹೆಸರನ್ನೇ ಪರದೆಯ ವಾಕ್ಯ ಮಾಡಿಕೊಡೋ ಅದೇನೋ ಉಪಕರಣ ಇದೆಯಂತಲ್ಲ, ಅದರ ಬಾಯಿಗೆ ಹಾಕು. ಹಾಜಿ ಫೋನ್ ಮಾಡಿ ಮಾಡಿ ನನ್ನ ಕಿವಿ ತೂತು ಬಿತ್ತು" ಎಂದರು. ಹಾಕಿದೆ. ತಾವು ಪದಗಳ ನಡುವಿನ ಅಡಿಗೀಟುಗಳನ್ನು ಕಿತ್ತು, ಮೊದಲಕ್ಷರವನ್ನು ದೊಡ್ಡದು ಮಾಡಿ, ಮದುವೆಗೆ ಹೊರಟ ಮಗುವಿಗೆ ತಲೆ ಬಾಚುವ ಮುತುವರ್ಜಿಯಿಂದ ನನ್ನ ಕುಚೋದ್ಯವನ್ನು ಸಿಂಗರಿಸಿ ಪರದೆಗೆ ಕಳಿಸಿಕೊಟ್ಟಿರಿ. ಒಂದು ಸಣ್ಣ ಕೆಮ್ಮು ಕೆಮ್ಮಿದ್ದರೂ ನಾನು ಎಚ್ಚೆತ್ತುಕೊಳ್ಳುತ್ತಿದ್ದೆ.

ಗಾಣ ಹೂಡಿದ ಮೊದಲ ದಿನ, ರೈತರು ಮೂಟೆಗಳ ಮೇಲೆ ಕೂತು ಹೊಸ ಎಣ್ಣೆಗೆ ರೊಟ್ಟಿ ಅದ್ದಿ ತಿನ್ನುತ್ತಿದ್ದಾಗ, ತೊಟ್ಟಿ ಸಿಕ್ಕಿಕೊಂಡಿತು. ಪರದೆ ತಮ್ಮ ವಾಕ್ಯವನ್ನು ಬೆಳಗಿತು. ಓದುಬಲ್ಲವರು ಓದಿದರು, ಬಾರದವರು ಓದಿಸಿಕೊಂಡರು. ಪರದೆಯ ನೇರ ಕೆಳಗೆ ಹಾಜಿಯವರು ಬಾಯಿ ತೆರೆದು, ವಾಕ್ಯವನ್ನು ಅಕ್ಷರಶಃ ಸಮರ್ಥಿಸುತ್ತಿದ್ದರು.

ಕರೆ ಬಂತು, ಹೋದೆ.

"ಯಾರಮ್ಮ ಈ ಹಾಜಿ?" ಎಂದು ಹಾಜಿಯವರು ಪರದೆ ತೋರಿಸಿ ಕೇಳಿದರು.

"ಸ್ಫಾಕ್ಸಿನಲ್ಲಿ ಹಾಜಿಗಳಿಗೇನು ಬರವಾ, ಚಿಕ್ಕಪ್ಪಾ" ಎಂದೆ.

"ಈ ಗಾಣದಲ್ಲಿ ಎಷ್ಟು ಜನ ಇದ್ದಾರೆ?"

ಆಗ ತೂಕದ ಕಟ್ಟೆಯಿಂದ ಅವರ ಹೆಂಡತಿ ಲಲ್ಲಾ ದಾವಿಯಾ, "ಆ ಹುಡುಗೀನ ಯಾಕೆ ಗದರಿಸ್ತೀರಿ? ಇಷ್ಟು ವರ್ಷ ನಾನು ಹೇಳಿದ್ರೆ ನಿಮ್ಮ ಅಕ್ಕತಂಗಿಯರು ಒಬ್ಬರೂ ನಂಬಲಿಲ್ಲ. ಈಗ ಕರೆಂಟಿನ ಸಾಕ್ಷಿ ಸಿಕ್ಕಿದೆ" ಎಂದರು. ರೈತರು ನಕ್ಕ ನಗುವಿಗೆ ಹಾಜಿಯವರ ಕಿವಿ ಕೆಂಪಾಯಿತು. ಪೆಟ್ಟಿಗೆಯನ್ನು ಕಿತ್ತು ವಾಪಸು ಕಳಿಸುತ್ತಾರೆಂದೂ, ಅದರ ಹಿಂದೆ ನನ್ನ ಕೆಲಸವೂ ಹೋಗುತ್ತದೆಂದೂ ಹೆದರಿದ್ದೆ. ಅವರು ಹೇಳಿದ್ದೇ ಬೇರೆ.

"ನನ್ನದು ತೆಗೀಬೇಡ, ತೆಗೆದ್ರೆ ಸೋತ ಹಾಗೆ. ಇವಳದ್ದೂ ಸೇರಿಸು. ಮೋಟರು ಕಾದಾಗ 'ಲಲ್ಲಾ ಸಿಟ್ಟಾಗಿದ್ದಾಳೆ' ಅಂತ ಬರಲಿ. ಎಲ್ಲಾದಕ್ಕಿಂತ ಮೇಲೆ ಹಾಕು, ಮನೇಲಿ ಇರೋ ಹಾಗೆ."

ಮೇಲೆ ಹಾಕಿದೆ. ಸೊನ್ನೆಯ ಪೀಠದಲ್ಲಿದ್ದ 'ಎಲ್ಲ ಸೌಖ್ಯ' ಒಂದಕ್ಕೆ ಜಾರಿತು, ಒಂದರಲ್ಲಿದ್ದ ಹಾಜಿ ಎರಡಕ್ಕೆ. ತಾವು ಹೊಸ ಲೆಕ್ಕವನ್ನು ಪರದೆಗೆ ಬರೆದುಕೊಟ್ಟಿರಿ. ಹಾಜಿಯವರ ಉಸಿರು ನನ್ನ ಹೆಗಲ ಮೇಲೆ ಬೀಳುತ್ತಿದ್ದ ಅವಸರದಲ್ಲಿ, ಪರದೆಗೆ ಅಂಕಿ ಕಳಿಸುವ, ತೊಟ್ಟಿಯ ಪಕ್ಕದ ಪೆಟ್ಟಿಗೆ ಮಾತ್ರ ಹಳೆಯ ಲೆಕ್ಕದಲ್ಲೇ ಉಳಿಯಿತು. "ತಂಗೀ, ಆಚೆ ಕೋಣೆಯವರಿಗೂ ಹೇಳಿದೆಯಾ?" ಎಂದು ಕೇಳುವುದು ತಮ್ಮ ಸಂಪ್ರದಾಯವಲ್ಲ, ಬಲ್ಲೆ.

ಮರುದಿನ ಗಾಣ ಹೂವಿನಂತೆ ನಡೆಯಿತು. ನಡೆದಷ್ಟು ಹೊತ್ತೂ ಪೆಟ್ಟಿಗೆ ಸೊನ್ನೆ ಕಳಿಸಿತು, ಪರದೆ 'ಲಲ್ಲಾ ಸಿಟ್ಟಾಗಿದ್ದಾಳೆ' ಎಂದೇ ಸಾರಿತು. ರೈತರು ತುದಿಗಾಲಲ್ಲಿ ಓಡಾಡಿದರು, ತೂಕದ ಕಟ್ಟೆಯಲ್ಲಿ ಯಾರೂ ಚೌಕಾಶಿ ಮಾಡಲಿಲ್ಲ. ಬೆಳಗ್ಗೆ ನಗುನಗುತ್ತ ಬಂದಿದ್ದ ಲಲ್ಲಾ, ಬಂದವರೆಲ್ಲ ತಮ್ಮನ್ನು ಸಮಾಧಾನ ಮಾಡುವುದನ್ನು ಕಂಡು ಮಧ್ಯಾಹ್ನದ ಹೊತ್ತಿಗೆ ನಿಜಕ್ಕೂ ಸಿಟ್ಟಾದರು.

ಊಟವಾದ ಮೇಲೆ ತೊಟ್ಟಿ ಮತ್ತೆ ಸಿಕ್ಕಿಕೊಂಡಿತು. ಪರದೆ ಪ್ರಶಾಂತವಾಗಿ 'ಎಲ್ಲ ಸೌಖ್ಯ' ಎಂದಿತು. ಹಾಜಿಯವರು ಅದನ್ನೋದಿ, "ಅಂತೂ ತಣ್ಣಗಾದಳು" ಎಂದು ಕಾಲು ಚಾಚಿದರು. ತೊಟ್ಟಿಯಲ್ಲಿದ್ದದ್ದು ಖ್ಮೈಸ್ ಎಂಬ ರೈತನ ಇಡೀ ವರ್ಷದ ಫಸಲು. ಮುದ್ದೆ ಕಾಯತೊಡಗಿತು. ಇನ್ನು ಸ್ವಲ್ಪ ಹೊತ್ತು ಹಾಗೇ ಬಿಟ್ಟಿದ್ದರೆ ಎಣ್ಣೆ ಕಮಟಾಗುತ್ತಿತ್ತು, ಮೋಟರು ಸುಡುತ್ತಿತ್ತು. ನೀರು ಕುಡಿಯಲು ಒಳಗೆ ಬಂದ ಲಲ್ಲಾ ಪರದೆಯನ್ನು ನೋಡಿ ಹೊಸ್ತಿಲಲ್ಲೇ ನಿಂತರು.

"ಎಲ್ಲ ಸೌಖ್ಯವಾ? ಈ ಗಾಣದಲ್ಲಾ? ನಾನು ಸೊಸೆಯಾಗಿ ಕಾಲಿಟ್ಟಾಗಿಂದ ಒಂದು ದಿನಾನೂ ಇಲ್ಲಿ ಹಾಗಾಗಿದ್ದು ಕಂಡಿಲ್ಲ. ಏನೋ ಕೆಟ್ಟಿದೆ."

ಹಾಗೆಂದವರೇ ಹೋಗಿ ಸ್ವಿಚ್ಚು ಎಳೆದರು. ಫಸಲು ಉಳಿಯಿತು, ಮೋಟರೂ ಉಳಿಯಿತು. ಖ್ಮೈಸ್ ತನ್ನ ಖಾಲಿ ಚೀಲ ಹಾಸಿಕೊಂಡು ತೊಟ್ಟಿಯ ಪಕ್ಕದಲ್ಲೇ ಕಾವಲು ಕೂತ.

ಓಡಿಬಂದ ನಾನು ಸರಿಪಡಿಸಲು ಕೈಹಾಕಿದಾಗ ಲಲ್ಲಾ ತಡೆದರು. "ಮುಟ್ಟಬೇಡ. ನಂಗೆ ಸಿಟ್ಟು ಬಂದಿದ್ರೆ ಗಾಣ ನೆಟ್ಟಗೆ ನಡೀತಿದೆ ಅಂತ ಅರ್ಥ. ಇವರಿಗೆ ಎಲ್ಲ ಸೌಖ್ಯ ಅನ್ನಿಸಿದ್ರೆ ಓಡಿಹೋಗಿ ನೋಡ್ಬೇಕು. ಇದಕ್ಕಿಂತ ಸರಿಯಾಗಿ ಬರೆಯೋಕೆ ಬರುತ್ತಾ ನಿಂಗೆ?"

ಹಾಜಿಯವರತ್ತ ನೋಡಿದೆ. ಅವರು ಕಾಫಿ ತರಿಸಲು ಆಚೆ ತಿರುಗಿದ್ದರು. ಗಾಣ ಈಗಲೂ ಹಾಗೆಯೇ ನಡೆಯುತ್ತಿದೆ, ಕೆಲಸದವರೆಲ್ಲ ಪರದೆಯನ್ನು ತಪ್ಪಿಲ್ಲದೆ ಓದುತ್ತಾರೆ.

ಆದ್ದರಿಂದ ತಮ್ಮಲ್ಲಿ ನನ್ನ ಸವಿನಯ ಪ್ರಾರ್ಥನೆಯೇನೆಂದರೆ, ಮುಂದೆ ಪಟ್ಟಿಯನ್ನು ನುಂಗುವ ಮೊದಲು ಕೊಟ್ಟವರ ಮುಖವನ್ನೊಮ್ಮೆ ನೋಡುವುದು, ನಗು ತಡೆದುಕೊಂಡಿರುವಂತೆ ಕಂಡರೆ ಮಾರನೆಯ ದಿನ ಬರಹೇಳುವುದು, ಆಗದಿದ್ದಲ್ಲಿ ಖುದ್ದು ಸ್ಫಾಕ್ಸಿಗೆ ದಯಮಾಡಿಸಿ, ಬೇರೆ ಗಾಣಗಳ ಹೆಂಗಸರು ತಮ್ಮ ಹೆಸರನ್ನೂ ಮೇಲಕ್ಕೆ ಹಾಕಿರೆಂದು ಕಾರ್ಖಾನೆಯ ಮುಂದೆ ನಿಂತಿರುವ ಸಾಲನ್ನು ಸಂಭಾಳಿಸುವುದು.

ತಮ್ಮ ವಿಶ್ವಾಸಿ,
ರಫ್ಲಾ ಕಮ್ಮೂನ್

ವಿ.ಸೂ.: ಪರದೆಯ ಮೇಲೆ ಇದನ್ನೆಲ್ಲ ಬರೆದವರು ಯಾರೆಂದು ಲಲ್ಲಾ ಕೇಳಿದರು. ಹೇಳಿದ್ದನ್ನು ಎದುರಾಡದೆ ಮಾಡುವ, ಏನೂ ತಿನ್ನದ, ಅರ್ಥವಾಗದಿದ್ದರೂ ತಲೆಯಾಡಿಸುವ ಒಬ್ಬರಿದ್ದಾರೆ ಎಂದೆ. "ಮದುವೆ ಆಗಿದೆಯಾ?" ಎಂದು ವಿಚಾರಿಸಿದ್ದಾರೆ. ಮಹ್ದಿಯಾದಲ್ಲಿ ಅವರ ತಂಗಿಯ ಮಗಳಿದ್ದಾಳೆ. ಉತ್ತರಿಸುವ ಮುನ್ನ, ಈ ಒಂದು ಸಲವಾದರೂ, ದಯವಿಟ್ಟು ಯೋಚಿಸಿ.